ಭರಣಿಯ ಇಪ್ಪತ್ತು ಸೆಕೆಂಡು

ನಮ್ಮ ಮನೆಯಲ್ಲಿ ಏಪ್ರಿಲ್ ಬಂತೆಂದರೆ ಮಳೆಯ ಬಗ್ಗೆ ಮಾತನಾಡುವಾಗ ನಾನು ನಾಲಿಗೆ ಬಿಗಿಹಿಡಿಯಬೇಕು. ಒಂದು ವರ್ಷ ರಾತ್ರಿ ಊಟಕ್ಕೆ ಕುಳಿತಿದ್ದಾಗ, ‘ಈ ಸಲ ಗುಡುಗು ಸಿಡಿಲು ಜೋರಿರುತ್ತದಂತೆ’ ಎಂದು ಹಬ್ಬದ ಸುದ್ದಿ ತಂದವಳಂತೆ ಹೇಳಿಬಿಟ್ಟೆ. ಮುದ್ದೆ ಮುರಿಯುತ್ತಿದ್ದ ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಅವರು ಏನೂ ಅನ್ನಲಿಲ್ಲ. ಸಾರು ಬಡಿಸುತ್ತಿದ್ದ ಅಮ್ಮ ಮಾತ್ರ, ‘ಬಿಡ್ತು ಅನ್ನು’ ಎಂದು ಗದರಿದರು. ಬಿಡ್ತು ಅಂದೆ. ಮನಸ್ಸಿನಲ್ಲಿ ಬಿಟ್ಟಿರಲಿಲ್ಲ.

ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಮಾವಿನ ನಂಟಿಲ್ಲದ ಮನೆ ಹುಡುಕುವುದು ಕಷ್ಟ. ತೋಟ ಇಲ್ಲದವರು ಮಂಡಿಯಲ್ಲಿ ತೂಕ ಹಾಕುತ್ತಾರೆ, ಲಾರಿಗೆ ತುಂಬುತ್ತಾರೆ, ರಾತ್ರಿ ಬೇರೆಯವರ ತೋಟ ಕಾಯುತ್ತಾರೆ. ನಮ್ಮದು ನಾಲ್ಕು ಎಕರೆ. ಮನೆಯ ಹಿಂದಿನ ಸಾಲುಗಳಲ್ಲಿ ರಸಪುರಿ, ಬಾದಾಮಿ, ಬೇನಿಷಾ. ಅದರಾಚೆಗೆಲ್ಲ ತೋತಾಪುರಿ, ಚಿತ್ತೂರಿನ ಕಡೆಯ ತಿರುಳಿನ ಕಾರ್ಖಾನೆಗಳು ಕೊಳ್ಳುವ ಕಾಯಿ. ಹೊಸ ವರ್ಷದ ಹೊತ್ತಿಗೆ ಹೂ, ಶಿವರಾತ್ರಿ ಕಳೆದರೆ ಪೀಚು, ಮೇ ತಿಂಗಳ ಕೊನೆಯಿಂದ ಕೊಯ್ಲು. ಹೂವಿನಿಂದ ಕೊಯ್ಲಿನವರೆಗೆ ಅಪ್ಪ ಆಕಾಶ ನೋಡುವ ರೀತಿಯೇ ಬೇರೆ. ಸಾಲ ಕೊಟ್ಟವನು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡನೇ ಎಂದು ಇಣುಕುವವರ ಹಾಗೆ ನೋಡುತ್ತಾರೆ. ಅದೇ ಆಕಾಶವನ್ನು ನಾನು ನೆಂಟರ ಬಸ್ಸಿಗೆ ಕಾಯುವವಳ ಹಾಗೆ ನೋಡುತ್ತೇನೆ. ಒಂದೇ ಜಗುಲಿಯಲ್ಲಿ ಕುಳಿತು, ಒಂದೇ ದಿಕ್ಕಿಗೆ.

ಮಿಂಚಿನ ಚಿತ್ರ ತೆಗೆಯುವ ಹುಚ್ಚು ನನಗೆ ಹತ್ತಿ ಒಂಬತ್ತು ವರ್ಷವಾಯಿತು. ವಾರವೆಲ್ಲ ಕೋಲಾರದಲ್ಲಿ ಲೆಕ್ಕ ಬರೆಯುವ ಕೆಲಸ, ಶನಿವಾರ ಸಂಜೆ ಊರಿಗೆ ಬರುತ್ತೇನೆ. ಈ ಹುಚ್ಚಿಗೂ ಪಂಚಾಂಗವಿದೆ. ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ ಮಳೆ ಹುಟ್ಟುತ್ತದೆ, ತಿಂಗಳ ಕೊನೆಗೆ ಭರಣಿ, ಮೇ 10ರ ಆಸುಪಾಸಿನಲ್ಲಿ ಕೃತ್ತಿಕೆ. ನನ್ನ ಒಳ್ಳೆಯ ಚಿತ್ರಗಳೆಲ್ಲ ಈ ಮೂರು ಮಳೆಗಳ ಕೊಡುಗೆ, ಅದರಲ್ಲೂ ಭರಣಿಯ ಪಾಲು ಹೆಚ್ಚು. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ಗಾದೆ ಹೊಲ ಉಳುವವರದು, ಮಾವಿನವರದಲ್ಲ. ಹಾಗಂತ ಮಾವಿನವರಿಗೆ ಮಳೆ ಬೇಡವೆಂದೂ ಅಲ್ಲ. ಕಾಯಿ ಬಲಿಯುವಾಗ ಹದವಾದ ಒಂದು ಮಳೆ ಬಿದ್ದರೆ ತೂಕ ಬರುತ್ತದೆ. ‘ಮಳೆ ಬರಲಿ, ಗಾಳಿ ಬೇಡ’ ಎನ್ನುವುದು ಅಪ್ಪನ ಪ್ರಾರ್ಥನೆ. ಆದರೆ ಭರಣಿ ಒಬ್ಬಳೇ ಬರುವ ಹೆಂಗಸಲ್ಲ. ದಿಬ್ಬಣ ಕಟ್ಟಿಕೊಂಡೇ ಬರುತ್ತಾಳೆ: ಮುಂದೆ ಗಾಳಿ, ಜೊತೆಗೆ ಗುಡುಗು ಸಿಡಿಲು, ಮುನಿಸಿಕೊಂಡರೆ ಆಲಿಕಲ್ಲು. ಅಪ್ಪನಿಗೆ ಮದುಮಗಳು ಮಾತ್ರ ಸಾಕು, ನನಗೆ ಬೇಕಾದದ್ದು ಬ್ಯಾಂಡು.

ಅವೆರಡನ್ನು ಬೇರೆ ಮಾಡುವ ಉಪಾಯವೂ ಇಲ್ಲ. ಬಿಸಿಲಿಗೆ ಕಾದ ನೆಲದಿಂದ ತೇವದ ಗಾಳಿ ಮೇಲೇರಿ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದ ಮೋಡವಾಗುತ್ತದಲ್ಲ, ಅದರ ನಡುಮನೆಯಲ್ಲಿ ಶೂನ್ಯಕ್ಕಿಂತ ಹತ್ತಿಪ್ಪತ್ತು ಡಿಗ್ರಿ ಕಡಿಮೆ ಚಳಿ. ಅಲ್ಲಿ ಹಿಮದ ಹರಳುಗಳೂ ಸಾಬೂದಾನಿ ಗಾತ್ರದ ಮೆತ್ತನೆಯ ಆಲಿಕಲ್ಲುಗಳೂ ಒಂದಕ್ಕೊಂದು ತಾಗಿ ಚಿಮ್ಮುತ್ತವೆ. ತಾಗಿದಾಗ ವಿದ್ಯುದಂಶ ಹಂಚಿಹೋಗುತ್ತದೆ. ಹಗುರವಾದ ಹರಳು ಧನ ಅಂಶ ಹೊತ್ತು ಮೋಡದ ನೆತ್ತಿಗೆ ಹೋಗುತ್ತದೆ, ಭಾರದ ಕಲ್ಲು ಋಣ ಅಂಶದೊಂದಿಗೆ ಕೆಳಗುಳಿಯುತ್ತದೆ. ಇವೆರಡರ ನಡುವಿನ ಜಗ್ಗಾಟ ಮಿತಿ ಮೀರಿದಾಗ ಮಿಂಚು. ಅದೇ ಮೆತ್ತನೆಯ ಕಲ್ಲು ಮೇಲಕ್ಕೂ ಕೆಳಕ್ಕೂ ಓಲಾಡುತ್ತಾ ನೀರು ಮೆತ್ತಿಕೊಂಡು ಗಟ್ಟಿಯಾಗಿ ಬೆಳೆದರೆ ನಮ್ಮ ತೋಟದ ಮೇಲೆ ಬೀಳುವ ಆಲಿಕಲ್ಲು. ಅಂದರೆ ಅಪ್ಪನ ಶನಿ ಮತ್ತು ನನ್ನ ಶುಕ್ರ ಎರಡೂ ಒಂದೇ ಕಾರ್ಖಾನೆಯ ಮಾಲು. ಇದನ್ನು ಅಪ್ಪನಿಗೆ ವಿವರಿಸಿ ಹೇಳಿದ್ದೆ. ‘ಹಾಗಾದರೆ ಆ ಕಾರ್ಖಾನೆ ಚಿತ್ತೂರಿಗೆ ಹೋಗಲಿ’ ಎಂದರು.

ಮಿಂಚಿನ ಚಿತ್ರ ತೆಗೆಯುತ್ತೇನೆ ಎಂದರೆ ನನ್ನ ಬೆರಳು ಮಿಂಚಿಗಿಂತ ಚುರುಕು ಎಂದು ತಿಳಿಯುವವರಿದ್ದಾರೆ. ಕಂಡ ಮೇಲೆ ಗುಂಡಿ ಒತ್ತಿದರೆ ಸಿಗುವುದು ಕತ್ತಲೆ. ‘ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ’ ಎನ್ನುತ್ತಾರಲ್ಲ, ಅಲ್ಲಿನ ‘ಮಿಂಚು’ ಮೀರುವ ಮಿಂಚೇ ಹೊರತು ಹೊಳೆಯುವ ಮಿಂಚಲ್ಲ. ಆದರೂ ನಮ್ಮ ಕಸುಬಿನವರಿಗೆ ಎರಡೂ ಒಂದೇ. ಮಾಡಬೇಕಾದದ್ದು ಇಷ್ಟು: ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಅಲುಗದಂತೆ ಕೂರಿಸಬೇಕು. ದೂರದ ಊರಿನ ಒಂದು ದೀಪಕ್ಕೆ ಕೈಯಿಂದಲೇ ಫೋಕಸ್ ಮಾಡಿ ಆಟೋ ಫೋಕಸ್ ಆರಿಸಿಬಿಡಬೇಕು, ಇಲ್ಲದಿದ್ದರೆ ಕತ್ತಲಲ್ಲಿ ಲೆನ್ಸ್ ಹಿಂದಕ್ಕೂ ಮುಂದಕ್ಕೂ ತಡಕಾಡುತ್ತಲೇ ಇರುತ್ತದೆ. ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂದು ಹೇಳುವ ಐಎಸ್‌ಒ 100 ಅಥವಾ 200, ಲೆನ್ಸಿನ ಕಿಂಡಿ ಅಂದರೆ ಅಪರ್ಚರ್ ಎಫ್‌8, ಬೆಳಕನ್ನು ಒಳಬಿಡುವ ಶಟರ್ ತೆರೆದಿರುವುದು ಇಪ್ಪತ್ತು ಸೆಕೆಂಡು. ತಂತಿಯ ರಿಮೋಟಿನ ಗುಂಡಿಯನ್ನು ಒತ್ತಿ ಲಾಕ್ ಮಾಡಿದರೆ ಒಂದರ ಹಿಂದೆ ಒಂದು ಫ್ರೇಮ್ ತಾನಾಗಿಯೇ ಬೀಳುತ್ತಾ ಹೋಗುತ್ತದೆ. ಆಮೇಲೆ ನನಗೆ ಕೆಲಸವೇ ಇಲ್ಲ. ಬಾಗಿಲು ತೆರೆದಿಟ್ಟು ಕುಳಿತರೆ ಬರುವವರು ಬರುತ್ತಾರೆ. ನೂರು ಫ್ರೇಮಿನಲ್ಲಿ ತೊಂಬತ್ತು ಬರಿದು. ಬರಿದಾದವನ್ನು ಅಲ್ಲಲ್ಲೇ ಅಳಿಸುವುದು ನನ್ನ ಅಭ್ಯಾಸ. ಕಾರ್ಡಿನಲ್ಲಿ ಜಾಗ ಉಳಿಯುತ್ತದೆ ಎನ್ನುವುದು ನೆಪ, ಸೋತ ಲೆಕ್ಕ ಕಣ್ಣಿಗೆ ಬೀಳಬಾರದು ಎನ್ನುವುದು ನಿಜ.

ಮೊದಲ ವರ್ಷಗಳ ನನ್ನ ಪೆದ್ದುತನಗಳಲ್ಲಿ ಎರಡನ್ನು ಹೇಳಬೇಕು. ಒಂದು ಕ್ಯಾಮೆರಾದ್ದು. ದೀರ್ಘ ಎಕ್ಸ್‌ಪೋಷರಿನಲ್ಲಿ ಬೀಳುವ ಕಸಕಡ್ಡಿ ಚುಕ್ಕೆಗಳನ್ನು ತೆಗೆಯಲು ಅದರಲ್ಲೊಂದು ವ್ಯವಸ್ಥೆ ಇರುತ್ತದೆ. ಮೂವತ್ತು ಸೆಕೆಂಡಿನ ಚಿತ್ರ ತೆಗೆದ ಮೇಲೆ, ಶಟರ್ ಮುಚ್ಚಿಕೊಂಡೇ ಇನ್ನೊಂದು ಮೂವತ್ತು ಸೆಕೆಂಡು ಕತ್ತಲೆಯ ಚಿತ್ರ ತೆಗೆದು, ಎರಡನ್ನೂ ತಾಳೆ ನೋಡಿ ಚುಕ್ಕೆ ಅಳಿಸುತ್ತದೆ. ಅದು ಚಾಲೂ ಇದೆಯೆಂದು ನನಗೆ ತಿಳಿದಿರಲಿಲ್ಲ. ಚಿಂತಾಮಣಿ ದಿಕ್ಕಿನಲ್ಲಿ ಮೋಡದ ನೆತ್ತಿಯಿಂದ ನೆಲದವರೆಗೆ ಬೇರು ಬಿಟ್ಟ ಆಲದ ಹಾಗೆ ಒಂದು ಸಿಡಿಲು ಇಳಿಯಿತು. ನಾನು ಕುಣಿದುಬಿಟ್ಟೆ. ಪರದೆಯಲ್ಲಿ ಕಂಡದ್ದು ‘ದಯವಿಟ್ಟು ಕಾಯಿರಿ’ ಎಂಬರ್ಥದ ಒಂದು ಸಾಲು. ಕ್ಯಾಮೆರಾ ಕಣ್ಣು ಮುಚ್ಚಿ ತನ್ನ ಕತ್ತಲೆಯನ್ನು ತಾನೇ ಅಳೆಯುತ್ತಾ ಕುಳಿತಿತ್ತು.

ಹೊಟ್ಟೆ ಉರಿದಾಗ ನಾನು ನೆನೆಯುವುದು ಸಿ.ವಿ. ಬಾಯ್ಸ್ ಎಂಬ ಇಂಗ್ಲಿಷ್ ವಿಜ್ಞಾನಿಯನ್ನು. ಮಿಂಚು ಹೇಗೆ ಇಳಿಯುತ್ತದೆಂದು ತಿಳಿಯಲು ಆತ 1900ರ ಸುಮಾರಿಗೆ ಎರಡು ಲೆನ್ಸುಗಳು ಗರಗರ ತಿರುಗುವ ಕ್ಯಾಮೆರಾ ಕಟ್ಟಿದ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದಕ್ಕೆ ಸರಿಯಾದ ಒಂದು ಮಿಂಚು ಸಿಗಲಿಲ್ಲ. ಕೊನೆಗೆ 1930ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಶಾನ್‌ಲ್ಯಾಂಡ್ ಮತ್ತು ಸಂಗಡಿಗರು ಅದೇ ಬಗೆಯ ಕ್ಯಾಮೆರಾದಿಂದ ಗುಟ್ಟು ಬಿಡಿಸಿದರು. ಸಿಡಿಲು ಒಂದೇ ನೆಗೆತಕ್ಕೆ ಇಳಿಯುವುದಿಲ್ಲ. ಮೊದಲು ಮಂಕಾದ ಕವಲೊಂದು ಸುಮಾರು ಐವತ್ತು ಮೀಟರಿನ ಹೆಜ್ಜೆ ಇಡುತ್ತಾ, ಪ್ರತಿ ಹೆಜ್ಜೆಗೂ ಸೆಕೆಂಡಿನ ಲಕ್ಷದ ಕೆಲವೇ ಪಾಲು ನಿಂತು ದಾರಿ ಹುಡುಕುತ್ತಾ ಕೆಳಗೆ ಬರುತ್ತದೆ. ಅದು ನೆಲ ಮುಟ್ಟುವಷ್ಟರಲ್ಲಿ ಮರ, ಕಂಬ, ಗೋಪುರಗಳಿಂದ ಮೇಲಕ್ಕೂ ಒಂದು ಕುಡಿ ಏಳುತ್ತದೆ. ಎರಡೂ ಕೂಡಿದ ಕ್ಷಣ ಆ ದಾರಿಯಲ್ಲಿ ಮೂವತ್ತು ಸಾವಿರ ಆಂಪಿಯರ್‌ನಷ್ಟು ವಿದ್ಯುತ್ ಹರಿದು, ಗಾಳಿ ಸೂರ್ಯನ ಮೈಗಿಂತ ಐದು ಪಟ್ಟು ಬಿಸಿಯಾಗುತ್ತದೆ. ನಮಗೆ ಕಾಣುವ ಬೆಳಕು ಅದು. ದಾರಿಯ ದಪ್ಪ ಕೆಲವೇ ಸೆಂಟಿಮೀಟರ್, ಕಬ್ಬಿನ ಜಲ್ಲೆಯಷ್ಟು. ಅದೇ ದಾರಿಯಲ್ಲಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮೂರು ನಾಲ್ಕು ಸಲ ಹರಿಯುವುದರಿಂದ ಮಿಂಚು ಪಟಪಟನೆ ಕಣ್ಣು ಮಿಟುಕಿಸಿದಂತೆ ಕಾಣುತ್ತದೆ. ಕ್ಯಾಲೆಂಡರಿನ ದೇವರ ಪಟಗಳಲ್ಲಿ ಮಿಂಚೆಂದರೆ ಇಂದಿಗೂ ಗರಗಸದ ಹಲ್ಲಿನಂಥ ಗೆರೆ. 1880ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಿಲಿಯಂ ಜೆನ್ನಿಂಗ್ಸ್ ಎಂಬಾತ ತೆಗೆದ ಫೋಟೋದಲ್ಲೇ ಹಾಗಿಲ್ಲವೆಂದು ಕಂಡಿತ್ತು. ಗರಗಸವಲ್ಲ, ಬೇರು. ಹೊಲ ಉಳುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಎರಡನೆಯ ಪೆದ್ದುತನ ಪ್ರಾಣಕ್ಕೆ ಸಂಬಂಧಿಸಿದ್ದು. ನಮ್ಮ ಜಿಲ್ಲೆಗೆ ಹರಿಯುವ ಹೊಳೆಯ ಭಾಗ್ಯವಿಲ್ಲ, ಇರುವುದು ಕೆರೆಗಳು. ಕೆರೆಯೆಂದರೆ ಜಾಲಿ ಬೆಳೆದ ಬಯಲು ಎಂದೇ ತಿಳಿದು ಬೆಳೆದವಳು ನಾನು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಬರತೊಡಗಿದಾಗ, ಆ ನೀರು ಎಂಥದ್ದು ಎಂಬ ಜಗಳ ಊರೂರಲ್ಲಿ ನಡೆಯುತ್ತಿರುವಾಗಲೇ, ನನ್ನ ತಲೆಗೆ ಹೊಳೆದದ್ದು ಪ್ರತಿಬಿಂಬ. ಮೇಲೊಂದು ಮಿಂಚು, ನೀರಿನಲ್ಲೊಂದು. ಹಾಗೆಂದು ಒಂದು ರಾತ್ರಿ ಪಕ್ಕದೂರಿನ ಕೆರೆ ಏರಿಯ ಮೇಲೆ ಅಲ್ಯೂಮಿನಿಯಂ ಮುಕ್ಕಾಲಿ ನಿಲ್ಲಿಸಿಕೊಂಡು ನಿಂತೆ. ಸುತ್ತ ಬಯಲು, ಏರಿಯ ಮೇಲೆ ನಾನೇ ಎತ್ತರ. ಮಳೆ ಇನ್ನೂ ದೂರವಿತ್ತು. ಇದ್ದಕ್ಕಿದ್ದಂತೆ ಮುಕ್ಕಾಲಿಯ ನೆತ್ತಿಯಿಂದ ಜೇನುಗೂಡಿನಲ್ಲಿ ಕೇಳುವಂಥ ಸಣ್ಣ ಗುಂಯ್ ಸದ್ದು. ಮುಂಗೈ ಕೂದಲು ಎದ್ದು ನಿಂತಿತು. ಹೆದರಿಕೆಯಿಂದ ಎದ್ದದ್ದಲ್ಲ, ಹೆದರುವಷ್ಟು ತಿಳಿವಳಿಕೆಯೇ ಆಗ ಇರಲಿಲ್ಲ.

ಕೆಳಗೆ ತೋಟ ಕಾಯುತ್ತಿದ್ದ ತಾತ ಟಾರ್ಚು ಬೀಸುತ್ತಾ ‘ಪಿಡುಗು, ಪಿಡುಗು’ ಎಂದು ಕೂಗಿದರು. ನಮ್ಮ ಕಡೆ ಕನ್ನಡ, ತೆಲುಗು ಒಂದೇ ತಟ್ಟೆಯಲ್ಲಿ ಉಣ್ಣುತ್ತವೆ. ತೆಲುಗಿನಲ್ಲಿ ಪಿಡುಗು ಎಂದರೆ ಸಿಡಿಲು. ಕನ್ನಡದ ಕಿವಿಗೆ ನನ್ನನ್ನೇ ಪಿಡುಗು ಎಂದು ಬೈದಂತೆ ಕೇಳಿತು, ಎರಡೂ ಸರಿಯೇ ಇತ್ತೆನ್ನಿ. ಮುಕ್ಕಾಲಿ ಅಲ್ಲೇ ಬಿಟ್ಟು ಇಳಿದು ಓಡಿ ಕಾರಿನೊಳಗೆ ಕುಳಿತೆ. ಸಿಡಿಲು ನಮ್ಮ ಕೆರೆಗೆ ಬೀಳಲಿಲ್ಲ, ಎಲ್ಲಿಗೋ ಬಿತ್ತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತವರು 2,887 ಮಂದಿ. ಪತ್ರಿಕೆಯಲ್ಲಿ ನಾವು ಓದುವ ಸುದ್ದಿಯೂ ಒಂದೇ ಥರದ್ದು: ಹೊಲದಲ್ಲಿದ್ದವರು, ಕುರಿ ಮೇಯಿಸುತ್ತಿದ್ದವರು, ಮರದ ಕೆಳಗೆ ನಿಂತವರು. ಅವರಿಗೆ ಬೇರೆ ದಾರಿ ಇರಲಿಲ್ಲ. ನನಗಿತ್ತು.

ಅಂದಿನಿಂದ ಬಯಲಿಗೆ ಹೋಗುವುದನ್ನು ಬಿಟ್ಟೆ. ಪುಣೆಯ ಹವಾಮಾನ ಸಂಸ್ಥೆಯವರ ‘ದಾಮಿನಿ’ ಆ್ಯಪ್ ಮೊಬೈಲಿನಲ್ಲಿದೆ, ಸುತ್ತಮುತ್ತ ಎಲ್ಲಿ ಮಿಂಚುತ್ತಿದೆ ಎಂದು ಹೇಳುತ್ತದೆ. ಅದಕ್ಕೂ ಹಳೆಯ ಆ್ಯಪ್ ಒಂದು ನಮ್ಮ ಮನೆಯಲ್ಲಿತ್ತು. ಮಿಂಚಿದ ಕೂಡಲೇ ಅಜ್ಜಿ ನಮ್ಮನ್ನೆಲ್ಲ ನಡುಮನೆಗೆ ಎಳೆದುಕೊಂಡು ಅರ್ಜುನನ ಹೆಸರು ಹೇಳುತ್ತಿದ್ದರು: ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ, ಶ್ವೇತವಾಹನ, ಬೀಭತ್ಸು, ವಿಜಯ, ಕೃಷ್ಣ, ಸವ್ಯಸಾಚಿ, ಧನಂಜಯ. ನಿಧಾನದ ನಾಲಿಗೆ, ಹೆಸರಿಗೊಂದು ಸೆಕೆಂಡು. ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಬೇಕು. ಹತ್ತೂ ಹೆಸರು ಮುಗಿದ ಮೇಲೆ ಗುಡುಗಿದರೆ ಸಿಡಿಲು ಮೂರು ಕಿಲೋಮೀಟರಿನಾಚೆ, ‘ಕಿರೀಟಿ’ಗೇ ಗುಡುಗಿದರೆ ಊರಂಚಿನಲ್ಲಿ. ಅಜ್ಜಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಆದರೆ ‘ಪಾರ್ಥ’ ದಾಟುವ ಮೊದಲೇ ಗುಡುಗಿದಾಗ ಅವರ ಕೈ ನಮ್ಮ ಭುಜವನ್ನು ಹಿಚುಕುತ್ತಿದ್ದುದು ನೆನಪಿದೆ. ನಾನು ಈಗಲೂ ಒಂದು ಎರಡು ಎಣಿಸುವುದಿಲ್ಲ, ಅರ್ಜುನನನ್ನೇ ಎಣಿಸುತ್ತೇನೆ. ಮೂರು ಸುತ್ತು ಮುಗಿಯುವುದರೊಳಗೆ ಗುಡುಗು ಕೇಳಿಸಿತೋ, ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ, ಹೊರಗೆ ಕಾಲಿಡುವುದಿಲ್ಲ.

ಈಗ ಚಿತ್ರ ತೆಗೆಯುವುದು ನಮ್ಮ ಮನೆಯ ಮಾಳಿಗೆಯ ಕೋಣೆಯಿಂದ. ಕಿಟಕಿ ವಾಯವ್ಯಕ್ಕಿದೆ. ಹತ್ತಿರದಲ್ಲಿ ಮನೆ ಹಿಂದಿನ ಮಾವಿನ ಸಾಲು, ಅದರಾಚೆ ತೋತಾಪುರಿ ತೋಟ, ಬೋರ್‌ವೆಲ್ ಮನೆ, ನೀಲಗಿರಿ ತೋಪು, ಆಮೇಲೆ ಬರೀ ಆಕಾಶ. ಕಿಟಕಿಯ ಎರಡು ಕಂಬಿಗಳ ನಡುವೆ ಲೆನ್ಸ್ ಸರಿಯಾಗಿ ಕೂರುತ್ತದೆ. ರಿಮೋಟ್ ಲಾಕ್ ಮಾಡಿ, ಕಿಟಕಿಯಿಂದ ದೂರ ಸರಿದು, ಎದುರು ಗೋಡೆಯ ಮಂಚದ ಮೇಲೆ ಕುಳಿತುಬಿಡುತ್ತೇನೆ. ಗಾಳಿ ಬೀಸಿದರೆ ಕರೆಂಟು ಹೋಗುವುದು ನಮ್ಮೂರಿನ ನಿಯಮ. ಅದಕ್ಕೆ ಮನೆಯವರೆಲ್ಲ ಶಪಿಸುವಾಗ ನಾನು ಮಾತ್ರ ಒಳಗೊಳಗೇ ಕೈ ಮುಗಿಯುತ್ತೇನೆ. ದೀಪವಿಲ್ಲದ ನೆಲದ ಮೇಲೆ ಮಿಂಚು ಎಷ್ಟು ಚೆನ್ನಾಗಿ ಮೂಡುತ್ತದೆ ಎಂಬುದನ್ನು ಹೇಳಿದರೆ ಊಟ ಹಾಕುವುದಿಲ್ಲ.

ಆ ವರ್ಷ ಅಪ್ಪ ತೋಟವನ್ನು ಗುತ್ತಿಗೆಗೆ ಕೊಟ್ಟಿರಲಿಲ್ಲ. ಹೂವಿನಲ್ಲೇ ವ್ಯಾಪಾರಿಗೆ ಕೊಟ್ಟರೆ ಆಮೇಲಿನ ಗಾಳಿ, ಮಳೆ, ನೊಣ ಎಲ್ಲ ಅವನ ಹಣೆಬರಹ. ಸಿಗುವ ದುಡ್ಡು ಕಡಿಮೆ, ನಿದ್ದೆ ಜಾಸ್ತಿ. ಆದರೆ ಆ ಸಲ ಹೂ ಮರದಲ್ಲಿ ಎಲೆ ಕಾಣದಷ್ಟು ಬಂದಿತ್ತು. ಬಂದ ವ್ಯಾಪಾರಿಗಳು ಹೇಳಿದ ಬೆಲೆ ಅಪ್ಪನಿಗೆ ಹಿಡಿಸಲಿಲ್ಲ. ‘ನಾವೇ ಕೊಯ್ದು ಮಂಡಿಗೆ ಹಾಕೋಣ’ ಎಂದುಬಿಟ್ಟರು. ಕಾಯಿಯೂ ಹಾಗೇ ನಿಂತಿತ್ತು. ನಾಲ್ಕನೆಯ ರಸಪುರಿ ಮರದ ಕೊಂಬೆಗಳಿಗೆ ಕವೆಗೋಲು ಕೊಟ್ಟಿದ್ದರು.

ಮೇ ಮೊದಲ ವಾರ, ಶನಿವಾರ. ಮಧ್ಯಾಹ್ನ ಮೂರಕ್ಕೇ ಕೈವಾರದ ಕಡೆ ಮೋಡ ಹೂಕೋಸಿನಂತೆ ಗಡ್ಡೆಗಟ್ಟಿ ಏಳುತ್ತಿತ್ತು. ಐದರ ಹೊತ್ತಿಗೆ ಅದರ ನೆತ್ತಿ ಬಡಗಿಯ ಕೊರಡಿನಂತೆ ಚಪ್ಪಟೆಯಾಗಿ ಹರಡಿತು. ಗಾಳಿ ಪೂರ್ತಿ ನಿಂತುಹೋಗಿತ್ತು. ಅಪ್ಪ ಸುಮ್ಮನೆ ತೋಟದ ಒಂದು ಸುತ್ತು ಹಾಕಿ ಬಂದರು, ಸಾಲಿನಿಂದ ಸಾಲಿಗೆ, ಏನನ್ನೂ ಮಾಡದೆ. ಏಳೂವರೆಗೆ ಸದ್ದಿಲ್ಲದ ಮಿಂಚು ಶುರುವಾಯಿತು. ಮೋಡದ ಒಳಗೊಳಗೇ ಬೆಳಕು, ಗುಡಾರದೊಳಗೆ ಯಾರೋ ಲಾಟೀನು ಹಿಡಿದು ಓಡಾಡಿದಂತೆ. ನಾನು ಮಾಳಿಗೆ ಹತ್ತಿದೆ.

ಮೊದಲ ಮೂವತ್ತು ಫ್ರೇಮಿನಲ್ಲಿ ಹೇಳುವಂಥದ್ದೇನಿಲ್ಲ. ಅರ್ಜುನನ ಹೆಸರು ಮೂರು ಸುತ್ತು ಮುಗಿದರೂ ಗುಡುಗಿಲ್ಲ, ಆಮೇಲೆ ಎರಡು ಸುತ್ತಿಗೆ ಬಂತು. ಕರೆಂಟು ಹೋಯಿತು. ನಲವತ್ತನೆಯ ಫ್ರೇಮಿನ ಹೊತ್ತಿಗೆ ಎಲ್ಲ ಒಂದು ಘಳಿಗೆ ನಿಂತಂತಾಯಿತು. ಎಲೆ ಅಲುಗಲಿಲ್ಲ, ಆಕಾಶದಲ್ಲಿ ಎಲ್ಲೋ ಒಳಗೆ ಮಂದ ಬೆಳಕು ಬಿಟ್ಟರೆ ಏನೂ ಇಲ್ಲ. ಶಟರ್ ಮುಚ್ಚಿ ತೆರೆದ ಕಟಕ್ ಸದ್ದು. ನಲವತ್ತೊಂದು. ಅದು ತೆರೆದ ನಾಲ್ಕನೆಯ ಸೆಕೆಂಡಿಗೆ ಎಡಗಡೆ ಒಂದು ಸಿಡಿಲು, ನೇರ, ಕವಲಿಲ್ಲದ್ದು. ಹನ್ನೊಂದಕ್ಕೆ ನೀಲಗಿರಿ ತೋಪಿನ ಹಿಂದೆ ಇನ್ನೊಂದು, ಮೈತುಂಬ ಬೇರು. ಆಗ ದೂರದಿಂದ ತಕ್ಕಡಿಗೆ ಕಲ್ಲು ಸುರಿದಂಥ ಸದ್ದು ಬರತೊಡಗಿತು. ಗಾಳಿ. ಹದಿನೇಳನೆಯ ಸೆಕೆಂಡಿಗೆ ಬಲಗಡೆ ಮೂರನೆಯದು ಇಳಿದು ಕೋಣೆಯ ಗೋಡೆಯೆಲ್ಲ ಬೆಳ್ಳಗಾಯಿತು. ‘ಸವ್ಯಸಾಚಿ’ಗೆ ಗುಡುಗಿತು. ಮೂರು ಕಿಲೋಮೀಟರ್.

ಸಿಕ್ಕಿತು ಎಂದು ನನಗೆ ಗೊತ್ತಾಗಿತ್ತು. ಒಂಬತ್ತು ವರ್ಷದಲ್ಲಿ ಇಂಥ ಫ್ರೇಮ್ ಒಂದಿಲ್ಲ. ಮಂಚದ ಮೇಲೆ ಮೊಣಕಾಲು ತಬ್ಬಿಕೊಂಡು ಕುಳಿತು ನಗುತ್ತಿದ್ದೆ.

ಆಗ ಕೆಳಗಿನಿಂದ ದೊಪ್ ಎಂಬ ಸದ್ದು. ಇನ್ನೊಂದು. ಆಮೇಲೆ ಎಣಿಸಲಾಗದಷ್ಟು. ಮಾವಿನಕಾಯಿ ಒಣ ನೆಲಕ್ಕೆ ಬೀಳುವ ಸದ್ದನ್ನು ನಮ್ಮ ಕಡೆಯವರು ನಿದ್ದೆಯಲ್ಲೂ ಗುರುತಿಸುತ್ತಾರೆ. ಕಟಕ್ ಎಂದು ಶಟರ್, ದೊಪ್ ದೊಪ್ ಎಂದು ಕಾಯಿ. ಐದು ನಿಮಿಷದಲ್ಲಿ ಕೊಟ್ಟಿಗೆಯ ಜಿಂಕ್ ಶೀಟಿನ ಮೇಲೆ ಆಲಿಕಲ್ಲು ಶುರುವಾಗಿ ಎರಡೂ ಸದ್ದು ಮುಳುಗಿಹೋಯಿತು. ಕೆಳಗೆ ಇಳಿದೆ. ಅಪ್ಪ ಹೊಸ್ತಿಲ ಒಳಗೆ ಟಾರ್ಚು ಹಿಡಿದು ನಿಂತಿದ್ದರು. ಟಾರ್ಚು ಹೊತ್ತಿಸಿರಲಿಲ್ಲ. ಹೊತ್ತಿಸುವ ಅಗತ್ಯವೂ ಇರಲಿಲ್ಲ, ಮಿಂಚು ಒಂದೇ ಸಮನೆ ತೋಟವನ್ನು ತೋರಿಸುತ್ತಿತ್ತು. ನಾನು ಕ್ಯಾಮೆರಾದ ನೆನಪೇ ಇಲ್ಲದಂತೆ ನಿಂತೆ. ಅದು ಮೇಲೆ ತನ್ನಷ್ಟಕ್ಕೆ, ಬ್ಯಾಟರಿ ಸಾಯುವವರೆಗೂ, ತೆಗೆಯುತ್ತಲೇ ಇತ್ತು.

ಬೆಳಗ್ಗೆ ನೆಲ ಹಸಿರಾಗಿತ್ತು. ಕೂಲಿಗೆ ಜನ ಕರೆದು ಆರಿಸಿದೆವು, ಮಧ್ಯಾಹ್ನಕ್ಕೆ ಉಪ್ಪಿನಕಾಯಿಯವರು ಬಂದು ಕಿಲೋಗೆ ಮೂರು ರೂಪಾಯಿಯಂತೆ ತುಂಬಿಕೊಂಡು ಹೋದರು. ಮರದಲ್ಲಿ ಉಳಿದ ಕಾಯಿಗೂ ಆಲಿಕಲ್ಲಿನ ಏಟು. ಮೊದಲ ದಿನ ಅದು ಬೆರಳೊತ್ತಿದಷ್ಟೇ ಗುರುತು, ಮೂರನೆಯ ದಿನಕ್ಕೆ ಕಪ್ಪು ಬೊಟ್ಟು, ಆಮೇಲೆ ಕೊಳೆ. ನಾಲ್ಕನೆಯ ರಸಪುರಿಯ ದೊಡ್ಡ ಕೊಂಬೆ ಕವೆಗೋಲಿನ ಸಮೇತ ಮುರಿದು ಬಿದ್ದಿತ್ತು. ತೋತಾಪುರಿ ಸಾಲಿನ ಕೊನೆಯ ಮರಕ್ಕೆ ಸಿಡಿಲೇ ಬಡಿದಿತ್ತು. ನೆತ್ತಿಯಿಂದ ಬುಡದವರೆಗೆ ಅಂಗೈ ಅಗಲದ ತೊಗಟೆ ಪಟ್ಟಿ ಕಿತ್ತುಹೋಗಿ, ಒಳಗಿನ ಬಿಳಿ ಮರ ಸೀಳಿದ ಕಬ್ಬಿನಂತೆ ಕಾಣುತ್ತಿತ್ತು. ಸುಟ್ಟ ಗುರುತು ಎಲ್ಲೂ ಇಲ್ಲ. ತೊಗಟೆಯ ಕೆಳಗಿನ ರಸ ಒಂದೇ ಕ್ಷಣಕ್ಕೆ ಆವಿಯಾಗಿ ಉಬ್ಬಿ ಅದನ್ನು ಎಸೆದಿರುತ್ತದೆ. ಪಟ್ಟಿಯ ತುಂಡುಗಳು ಮೂರು ಮರ ಆಚೆ ಬಿದ್ದಿದ್ದವು. ಅದನ್ನು ನಾನು ಫೋಟೋ ತೆಗೆಯಲಿಲ್ಲ. ತೆಗೆಯಬೇಕು ಅನ್ನಿಸಿತ್ತು, ಅಮ್ಮ ಪಕ್ಕದಲ್ಲೇ ಇದ್ದರು.

ವಾರ ಕಳೆದ ಮೇಲೆ, ಮನೆಯಲ್ಲಿ ಮತ್ತೆ ಮಾತುಕತೆ ಶುರುವಾದ ಮೇಲೆ, ನಲವತ್ತೊಂದನೆಯ ಫ್ರೇಮನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ನೋಡುತ್ತಿದ್ದೆ. ಹದಿಮೂರು ಸೆಕೆಂಡಿನ ಅಂತರದಲ್ಲಿ ಬಂದು ಹೋದ ಮೂರು ಸಿಡಿಲುಗಳು ಅಕ್ಕಪಕ್ಕ ನಿಂತು ಗುಂಪು ಫೋಟೋಕ್ಕೆ ಬಂದವರಂತೆ ಕಾಣುತ್ತಿದ್ದವು. ಹಾಗೆ ಮೂರೂ ಒಟ್ಟಿಗೆ ಇದ್ದ ಕ್ಷಣವೇ ಇರಲಿಲ್ಲ, ನಾನೇ ನೋಡಿದ್ದೇನೆ. ಆದರೂ ಯಾರಾದರೂ ನೋಡಿದರೆ ‘ಮೂರು ಒಮ್ಮೆಲೇ ಬಿದ್ದವೇ!’ ಎನ್ನುತ್ತಾರೆ, ನಾನೂ ಎಲ್ಲ ಸಲ ತಿದ್ದುವುದಿಲ್ಲ. ಅಪ್ಪ ಯಾವಾಗ ಹಿಂದೆ ಬಂದು ನಿಂತರೋ ತಿಳಿಯಲಿಲ್ಲ. ಮುಚ್ಚಲು ಹೋದೆ, ‘ಇರಲಿ ಅಮ್ಮ’ ಎಂದರು. ಕನ್ನಡಕ ಹಾಕಿಕೊಂಡು ಬಗ್ಗಿದರು. ಸಿಡಿಲಿನ ಕಡೆ ಅವರ ಕಣ್ಣು ಹೋಗಲೇ ಇಲ್ಲ. ಕೆಳಗೆ, ಚಿತ್ರದ ಅಂಚಿನಲ್ಲಿ, ಮನೆ ಹಿಂದಿನ ಮರಗಳ ಮೇಲೆ ಬೆರಳಿಟ್ಟರು.

‘ಇದೇನು, ಒಂದೊಂದು ಮರವೂ ಎರಡೆರಡು ಇದೆಯಲ್ಲ?’

ನಾನು ಅದನ್ನು ಗಮನಿಸಿರಲಿಲ್ಲ. ಗಮನಿಸಿದ್ದರೂ ಮಸುಕು ಎಂದು ಬಿಟ್ಟಿರುತ್ತಿದ್ದೆ. ಹಿಗ್ಗಿಸಿ ನೋಡಿದೆ. ನಿಜ, ಪ್ರತಿ ಮರಕ್ಕೂ ಎರಡು ಮೈ. ಒಂದು ನೆಟ್ಟಗೆ, ಕೊಂಬೆ ಇಳಿಬಿಟ್ಟು ಸುಮ್ಮನೆ ನಿಂತದ್ದು. ಅದರ ಮೇಲೇ ಗಾಜಿನಂತೆ ಇನ್ನೊಂದು, ಬಲಕ್ಕೆ ಬಾಗಿ, ಎಲೆಯೆಲ್ಲ ಒಂದೇ ಕಡೆ ಹಾರಿದ್ದು. ಮೊದಲ ಸಿಡಿಲಿನ ಬೆಳಕು ನಿಂತ ಮರವನ್ನು ಬರೆದುಕೊಂಡಿದೆ, ಮೂರನೆಯದರ ಬೆಳಕು ಬಾಗಿದ ಮರವನ್ನು. ಅವುಗಳ ನಡುವೆ ಗಾಳಿ ಬಂದಿದೆ. ಅಪ್ಪನಿಗೆ ಇದನ್ನು ವಿವರಿಸಿದೆ. ಅರ್ಧ ಹೇಳುವಷ್ಟರಲ್ಲಿ ಅವರಿಗೆ ಅರ್ಥವಾಯಿತು.

‘ಅಂದರೆ ಇದರಲ್ಲೇ ಬಂತು ಅನ್ನು.’

‘ಹೌದು ಅಪ್ಪ.’

‘ಎಷ್ಟು ಹೊತ್ತಿನದು ಇದು?’

‘ಇಪ್ಪತ್ತು ಸೆಕೆಂಡು.’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಇದಕ್ಕೆ ಮೊದಲಿನದು ಇದೆಯೇ?’ ಎಂದು ಕೇಳಿದರು.

ಇದಕ್ಕೆ ಮೊದಲಿನದು ನಲವತ್ತು, ಬರಿದು. ಬೇರೆ ಯಾವ ರಾತ್ರಿಯಾಗಿದ್ದರೂ ಅಲ್ಲೇ ಅಳಿಸಿಬಿಟ್ಟಿರುತ್ತಿದ್ದೆ. ಆ ರಾತ್ರಿ ಕೆಳಗಿಳಿದವಳು ಮತ್ತೆ ಹೋಗಿ ಕಾರ್ಡು ಮುಟ್ಟಿರಲಿಲ್ಲವಾದ್ದರಿಂದ ಉಳಿದುಕೊಂಡಿತ್ತು. ತೆರೆದೆ. ಪರದೆಯಲ್ಲಿ ಬರೀ ಕಪ್ಪು. ‘ಇದರಲ್ಲಿ ಏನೂ ಇಲ್ಲ ಅಪ್ಪ’ ಎಂದೆ. ಅವರು ಕದಲಲಿಲ್ಲ. ಚಿತ್ರದ ಬೆಳಕು ಹೆಚ್ಚಿಸುವ ಗೆರೆಯನ್ನು ಎಳೆಯಬಹುದಾದಷ್ಟು ಬಲಕ್ಕೆ ಎಳೆದೆ. ಕಪ್ಪು ಬೂದಿಯಾಯಿತು, ಬೂದಿಯೊಳಗಿನಿಂದ ರವೆಯಂಥ ಚುಕ್ಕೆಗಳು ಎದ್ದವು, ಚುಕ್ಕೆಗಳ ನಡುವೆ ನಿಧಾನವಾಗಿ ಮರಗಳು ಕಂಡವು. ಒಂದೊಂದಕ್ಕೆ ಒಂದೊಂದೇ ಮೈ. ಎಲೆ ಅಲುಗಿಲ್ಲ. ಕವೆಗೋಲು ಕೊಟ್ಟ ಕೊಂಬೆ ಇನ್ನೂ ಇದೆ.

ಅಪ್ಪ ಕುರ್ಚಿ ಎಳೆದುಕೊಂಡು ಕುಳಿತರು. ಆ ಚಿತ್ರದಲ್ಲಿ ಒಂದು ಕಾಯಿಯೂ ಕಾಣುವುದಿಲ್ಲ, ಅಷ್ಟು ಕತ್ತಲೆ, ಅಷ್ಟು ಚುಕ್ಕೆ. ಆದರೂ ಅವರು ಮೊದಲ ಮರದಿಂದ ಶುರುಮಾಡಿ, ಪರದೆಗೆ ಬೆರಳು ತಾಗಿಸದೆ, ಕೊಂಬೆಯಿಂದ ಕೊಂಬೆಗೆ ಹೋಗುತ್ತಾ, ತುಟಿಯೊಳಗೇ ಎಣಿಸತೊಡಗಿದರು.